ತಳವಿಲ್ಲದ ಸೇರು

ಕಾವೇರಮ್ಮ ಅಕ್ಕಿಯ ಚೀಲವನ್ನು ಕಾಲಿನಿಂದಲೇ ಹೊಸ್ತಿಲಿನಾಚೆ ತಳ್ಳಿದಳು. ಚೀಲ ಜಗಲಿಯ ಅಂಚಿನಲ್ಲಿ ವಾಲಿಕೊಂಡು ನಿಂತಿತು. ಅನ್ನದ ಕಾಳನ್ನು ಒದೆಯಬಾರದೆಂದು ಅವಳಿಗೆ ತಿಳಿಯದ್ದಲ್ಲ. ಆದರೆ ಅದು ಮೇಗಿನಮನೆಯ ಅಕ್ಕಿ. ಅವಳೇ ನೆಟ್ಟು, ಅವಳೇ ಕೊಯ್ದು, ಗೇಣಿಯಾಗಿ ಮೇಲೆ ಹೋದದ್ದು ಈಗ ಧಣಿಗಳ ದಯೆಯಾಗಿ ಕೆಳಗಿಳಿದು ಬಂದಿತ್ತು.

"ಇದೆಂತ ಕಾವೇರಕ್ಕ? ಧಣಿಗಳು ಕಳಿಸಿದ್ದಲ್ಲವಾ?" ಎಂದ ರುಕ್ಮಯ್ಯ. ಮೇಗಿನಮನೆಯ ಲೆಕ್ಕ ಬರೆಯುವವನು ಅವನು. "ಸುಡಲಿಕ್ಕೆ ಅಂತ ಮಾವಿನ ಮರ ಕಡಿಯಲಿಕ್ಕೂ ಒಪ್ಪಿದ್ದಾರೆ."

"ಆ ಮರ ನೆಟ್ಟದ್ದು ನನ್ನ ಮಾವ."

"ನೆಟ್ಟದ್ದು ಯಾರಾದರೆ ಎಂತ? ಮಣ್ಣು ಯಾರದ್ದು?"

ಒಳಗೆ ಚಾಪೆಯ ಮೇಲೆ ಅವಳ ಗಂಡ ಚನಿಯಪ್ಪ ಮಲಗಿದ್ದ. ತಲೆದೆಸೆಯಲ್ಲಿ ದೀಪ ಉರಿಯುತ್ತಿತ್ತು. ದೀಪದ ಪಕ್ಕದಲ್ಲಿ ಇಡಬೇಕಾದ ಸೇರು ಅಕ್ಕಿಯನ್ನು ಮಾತ್ರ ಇನ್ನೂ ಇಟ್ಟಿರಲಿಲ್ಲ. ರುಕ್ಮಯ್ಯ ಹೆಣದ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದ.

"ಇನ್ನೊಂದು ವಿಷಯ ಉಂಟು. ಚನಿಯಪ್ಪನ ಆ ತಳ ಇಲ್ಲದ ಸೇರು ಧಣಿಗಳಿಗೆ ಬೇಕಂತೆ. ಚಾವಡಿಯ ಗೋಡೆಯಲ್ಲಿ ತೂಗಿಸ್ತಾರೆ. ಬಂದ ನೆಂಟರಿಗೆ ತೋರಿಸಿ ನಗಬಹುದಲ್ಲ. ನೀನು ಅದನ್ನು ಕೊಟ್ಟರೆ ಗದ್ದೆ ನಿನಗೇ ಬಿಡ್ತಾರೆ. ಇಲ್ಲದಿದ್ದರೆ, ಗಂಡಸಿಲ್ಲದ ಮನೆಗೆ ಗದ್ದೆ ಬಿಡುವ ಕ್ರಮ ಇಲ್ಲ, ನಿನಗೆ ಗೊತ್ತುಂಟು."

ಕಾವೇರಮ್ಮನ ಕೆನ್ನೆ ಬಿಸಿಯಾಯಿತು. ಬೆಳಗಿನಿಂದ ಬಾರದಿದ್ದ ಅಳು ಈಗಲೂ ಬರಲಿಲ್ಲ. ಬಂದದ್ದು ಸಿಟ್ಟು.

"ಧಣಿಗಳೇ ಬರಲಿ. ಅವರ ಕೈಗೇ ಕೊಡ್ತೇನೆ," ಎಂದಳು.

*

ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತು. ಮೇಗಿನಮನೆಯ ಸೇರಿಗೆ ಮಾತ್ರ ಅದು ಇನ್ನೂ ಬಂದಿರಲಿಲ್ಲ. ಆ ಮನೆಯಲ್ಲಿ ಸೇರು ಎರಡು. ಗೇಣಿ ಪಡೆಯಲಿಕ್ಕೆ ಹೊಟ್ಟೆ ಉಬ್ಬಿದ್ದು, ಕೂಲಿ ಕೊಡಲಿಕ್ಕೆ ಹೊಟ್ಟೆ ಬತ್ತಿದ್ದು. ಮಾಣಿಯಿಂದ ಬಂಟ್ವಾಳದವರೆಗೆ ಇದು ಗೊತ್ತಿಲ್ಲದವರಿಲ್ಲ, ಬಾಯಿ ಬಿಟ್ಟು ಹೇಳಿದವರೂ ಇಲ್ಲ.

ಬಹಳ ಹಿಂದೆ ಒಂದು ವರ್ಷ ಗೇಣಿ ಅಳೆದು ಮುಗಿದಾಗ ಅಂಗಳದಲ್ಲಿ ಹೊಟ್ಟು ಬಿಟ್ಟರೆ ಏನೂ ಉಳಿಯಲಿಲ್ಲ. ಚನಿಯಪ್ಪ ಬೇಡಲಿಕ್ಕೆ ಹೋಗಲಿಲ್ಲ. ಮನೆಯ ಹಳೆಯ ಮರದ ಸೇರನ್ನು ತೊಡೆಯ ನಡುವೆ ಇಟ್ಟುಕೊಂಡು ಗರಗಸದಿಂದ ಅದರ ತಳ ಕೊಯ್ದ. ಮುಂದಿನ ನವರಾತ್ರಿಯಲ್ಲಿ ಮಾರ್ನೆಮಿಗೆ ಊರವರು ಹುಲಿ, ಕರಡಿ, ಪೊಲೀಸು ಎಂದು ವೇಷ ಹಾಕಿ ಮನೆಮನೆಗೆ ಹೊರಟಾಗ ಅವನು ಧಣಿಯ ವೇಷ ಹಾಕಿದ. ಹೊಟ್ಟೆಗೆ ತಲೆದಿಂಬು, ತಲೆಗೆ ಜರಿಯ ರುಮಾಲು, ತೆಂಗಿನ ನಾರಿನ ಮೀಸೆ. ಒಕ್ಕಲಿನ ವೇಷದಲ್ಲಿ ನೆರೆಮನೆಯ ಹುಕ್ರಪ್ಪ, ಅವನ ಹೆಗಲಲ್ಲಿ ಹೊಟ್ಟಿನ ಚೀಲ. ಇಬ್ಬರೂ ನೆಟ್ಟಗೆ ಮೇಗಿನಮನೆಯ ಅಂಗಳಕ್ಕೇ ನಡೆದರು.

ಚನಿಯಪ್ಪ ಸೇರು ಎತ್ತಿ ಹಿಡಿದ. ಹುಕ್ರಪ್ಪ ಹೊಯ್ದ.

"ತುಂಬಿತಾ ಧಣಿ?"

"ಎಲ್ಲಿ ತುಂಬಿತು ಮಾರಾಯ? ಸೇರಿನೊಳಗೆ ನನ್ನ ಕಾಲೇ ಕಾಣ್ತಾ ಉಂಟು! ಹೊಯ್ಯಿ!"

"ಭತ್ತ ಮುಗಿಯಿತು ಧಣಿ."

"ಹಟ್ಟಿಯಲ್ಲಿ ಎಮ್ಮೆ ಉಂಟಲ್ಲ? ಎಮ್ಮೆ ಹೊಯ್ಯಿ!"

"ಎಮ್ಮೆಯೂ ಮುಗಿಯಿತು ಧಣಿ."

"ಹೆಂಡತಿಯ ಕುತ್ತಿಗೆಯಲ್ಲಿ ಕರಿಮಣಿ ಉಂಟಲ್ಲ? ಅದನ್ನು ಹೊಯ್ಯಿ!"

ಎಲ್ಲರ ಕಣ್ಣೂ ಧಣಿಗಳು ಕುಳಿತಿದ್ದ ಚಾವಡಿಯ ಕಡೆಗೆ. ಜನರ ಹಿಂದೆ ನಿಂತಿದ್ದ ಕಾವೇರಮ್ಮ ತನ್ನ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಇವತ್ತು ಚರ್ಮ ಸುಲಿಯುತ್ತಾರೆ ಎಂದುಕೊಂಡಳು.

ಧಣಿಗಳು ನಕ್ಕರು. ಆಮೇಲೆ ಊರು ನಕ್ಕಿತು. ಧಣಿಗಳು ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿ, ಚನಿಯಪ್ಪನ ಹೆಗಲಿಗೆ ಒಂದು ಶಾಲು ಹೊದೆಸಿದರು. ಮುಂದಿನ ತಿಂಗಳು ಗೇಣಿಯನ್ನು ಅದೇ ಉಬ್ಬಿದ ಸೇರಿನಲ್ಲಿ ಅಳೆಸಿಕೊಂಡರು. ಅಂದಿನಿಂದ ವರ್ಷವರ್ಷವೂ ಅದೇ ವೇಷ, ಅದೇ ನಗು, ಅದೇ ಸೇರು.

*

ಹೊತ್ತು ಏರುತ್ತಿದ್ದಂತೆ ಅಂಗಳ ತುಂಬಿತು. ಮಾವಿನ ಮರಕ್ಕೆ ಬೀಳುವ ಕೊಡಲಿಯ ಸದ್ದು ಕೇಳಿಸುತ್ತಿತ್ತು. ಬೀಡಿ ಹಚ್ಚಿಕೊಂಡವರು ಚನಿಯಪ್ಪನ ಮಾತೇ ಆಡುತ್ತಿದ್ದರು.

"ಎಂತ ನಗಿಸ್ತಿದ್ದ ಮಾರಾಯ್ರೆ! ಇನ್ನು ಮಾರ್ನೆಮಿ ಸಪ್ಪೆ."

"ಎಮ್ಮೆ ಹೊಯ್ಯಿ ಅಂತ ಹೇಳಿದ್ದು ನೆನಪುಂಟಾ?"

ಇಬ್ಬರು ಬಾಯಿಗೆ ಹೆಗಲ ಬೈರಾಸು ಒತ್ತಿಕೊಂಡು ನಕ್ಕರು.

"ಪಾಪದವ," ಎಂದ ಹುಕ್ರಪ್ಪ ಮೂಗೊರೆಸಿಕೊಂಡು. "ಇಷ್ಟು ವರ್ಷದಲ್ಲಿ ಒಬ್ಬರ ಮನಸ್ಸು ನೋಯಿಸಿದವನಲ್ಲ."

ಚನಿಯಪ್ಪನಿಗೆ ಇದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಕಾವೇರಮ್ಮ ಜಗಲಿಯಿಂದ ಧಡಕ್ಕನೆ ಎದ್ದಳು.

"ನೋಯಿಸಲಿಕ್ಕೇ ಹೋದದ್ದು ಅವರು! ಕೇಳಿತಾ ಹುಕ್ರಪ್ಪಣ್ಣ? ನೋಯಿಸಲಿಕ್ಕೇ! ನೀವೆಲ್ಲ ಕಿಸಿದು ಕಿಸಿದು ಅದನ್ನು ಕೆಡಿಸಿದಿರಿ. ಅಲ್ಲಿ ನಕ್ಕು, ಮನೆಗೆ ಬಂದು, ಮತ್ತೆ ಭತ್ತ ಹೊತ್ತುಕೊಂಡು ಹೋಗಿ ಅದೇ ಸೇರಿಗೆ ಹೊಯ್ದಿರಿ. ಅವರ ಜೊತೆಯಲ್ಲಿ ವೇಷ ಹಾಕಿದವ ನೀನು, ನೀನೂ ಹೊಯ್ದೆ!"

"ಎಂತ ಮಾಡುದು ಅಕ್ಕ? ಬಡವನ ಕೋಪ ದವಡೆಗೆ ಮೂಲ."

"ನಿನ್ನ ದವಡೆ ಗಟ್ಟಿ ಉಂಟಲ್ಲ, ಇಷ್ಟು ವರ್ಷ ನಗಲಿಕ್ಕೆ?"

ಯಾರದೋ ಬೀಡಿ ಬೆರಳ ನಡುವೆಯೇ ಆರಿತು.

*

ಹೋದ ಮಾರ್ನೆಮಿಯಲ್ಲಿ ಚನಿಯಪ್ಪನಿಗೆ ಜ್ವರವಿತ್ತು. ಧಣಿಗಳು ಆಳು ಕಳಿಸಿ ಕರೆಸಿದರು. ಮೂಡುಬಿದಿರೆಯಿಂದ ನೆಂಟರು ಬಂದಿದ್ದಾರೆ, ವೇಷ ಆಗಲೇಬೇಕು ಎಂದರು. ಹೋಗಿ ಬಂದವನು ನಾರಿನ ಮೀಸೆಯನ್ನೂ ತೆಗೆಯದೆ ಗೋಡೆಗೊರಗಿ ಕುಳಿತ.

"ಮರ್ಯಾದೆ ತೆಗೆಯಲಿಕ್ಕೆ ಹೊರಟವ ನಾನು ಕಾವೇರಿ. ಈಗ ನಾನೇ ಅವರ ಮರ್ಯಾದೆ. ನಮ್ಮ ಒಕ್ಕಲು ನಮ್ಮನ್ನೇ ಗೇಲಿ ಮಾಡ್ತಾನೆ, ನಾವು ನಗ್ತೇವೆ, ನೋಡಿ ನಮ್ಮ ದೊಡ್ಡ ಮನಸ್ಸು ಅಂತ ನೆಂಟರಿಗೆ ಹೇಳ್ತಾರೆ. ಅಷ್ಟು ನಗುವವರ ಸೇರು ಎಷ್ಟು ದೊಡ್ಡದು ಅಂತ ಯಾರು ಕೇಳ್ತಾರೆ?"

"ಬಿಟ್ಟುಬಿಡಿ ಹಾಗಾದರೆ."

ಅವನು ಬಹಳ ಹೊತ್ತು ಕೆಮ್ಮಿದ. "ಒಂದು ಸಲವಾದರೂ ಊರವರು ನಗದೆ ಸುಮ್ಮನೆ ನಿಲ್ಲಬೇಕಿತ್ತು. ಆಗ ಧಣಿಗಳಿಗೆ ಕೇಳಿಸ್ತಿತ್ತು."

*

ಧಣಿಗಳು ಬಂದಾಗ ಜನ ಎದ್ದು ದಾರಿ ಬಿಟ್ಟರು. ಅವರು ಮೆಟ್ಟು ಕಳಚಿ ಬರಿಗಾಲಿನಲ್ಲಿ ಒಳಗೆ ಬಂದು ಹೆಣದ ಮುಂದೆ ಕೈಮುಗಿದರು. ಕಣ್ಣಿನಲ್ಲಿ ನೀರೂ ಇತ್ತು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರಲ್ಲ, ಧಣಿಗಳು ಆ ಹಾಲು ಕರೆಯತೊಡಗಿದರು.

"ಚಿನ್ನದಂಥ ಮನುಷ್ಯ. ನಮ್ಮನ್ನು ಎಷ್ಟು ನಗಿಸಿದ! ಅವನ ಸೇರು ನಮ್ಮ ಚಾವಡಿಯಲ್ಲಿ ಇರಬೇಕು ಅಂತ ನಮ್ಮ ಆಸೆ. ಗದ್ದೆಯ ಚಿಂತೆ ನಿನಗೆ ಬೇಡ ಕಾವೇರಿ."

"ಕೊಡ್ತೇನೆ ಧಣಿ," ಎಂದಳು ಅವಳು. "ಆದರೆ ತಲೆದೆಸೆಗೆ ಸೇರು ಅಕ್ಕಿ ಇನ್ನೂ ಇಡಲಿಲ್ಲ. ಅದು ನಿಮ್ಮ ಕೈಯಿಂದಲೇ ಆಗಲಿ."

ಧಣಿಗಳ ಮುಖ ಅರಳಿತು. "ಆಗಬಹುದು, ಆಗಬಹುದು." ರುಕ್ಮಯ್ಯ ಜಗಲಿಯಿಂದ ಚೀಲ ಎಳೆದು ತಂದು ಬಾಯಿ ಬಿಚ್ಚಿದ. ಕಾವೇರಮ್ಮ ಅಟ್ಟದಿಂದ ಸೇರು ಇಳಿಸಿ, ಎರಡು ಕೈಗಳಲ್ಲೂ ಎತ್ತಿ ಹಿಡಿದು ಧಣಿಗಳ ಮುಂದೆ ನಿಂತಳು. ಅವರು ಅದು ಯಾವ ಸೇರೆಂದೂ ನೋಡದೆ, ಭಕ್ತಿಯಿಂದ, ಬೊಗಸೆ ತುಂಬ ಅಕ್ಕಿ ತೆಗೆದು ಹೊಯ್ದರು. ಅಕ್ಕಿ ಸೇರಿನ ಮೂಲಕ ಸುರಿದು ಅವರ ಪಾದದ ಮೇಲೆ ಬಿತ್ತು.

"ತುಂಬಲಿಲ್ಲ ಧಣಿ," ಎಂದಳು ಕಾವೇರಮ್ಮ. ಅದೇ ಮಾತು, ಅದೇ ವರಸೆ. "ಸೇರಿನೊಳಗೆ ನಿಮ್ಮ ಕಾಲೇ ಕಾಣ್ತಾ ಉಂಟು. ಹೊಯ್ಯಿರಿ."

ಧಣಿಗಳು ನಕ್ಕರು. ಊರು ನಗಲಿಲ್ಲ.

ಅವರು ನಗುತ್ತಲೇ ಹಿಂದೆ ತಿರುಗಿ ಬಾಗಿಲಲ್ಲಿ ತುಂಬಿ ನಿಂತಿದ್ದ ಮುಖಗಳನ್ನು ನೋಡಿದರು. ನಗಲು ಬಾಯಿ ತೆರೆದಿದ್ದ ರುಕ್ಮಯ್ಯ ಅಕ್ಕಪಕ್ಕ ನೋಡಿ ಮುಚ್ಚಿಕೊಂಡ. ಹೊರಗೆ ಕೊಡಲಿಯ ಸದ್ದೂ ನಿಂತಿತ್ತು. ಧಣಿಗಳ ನಗು ಒಂಟಿಯಾಗಿ ಇನ್ನೆರಡು ಸಲ ಕೇಳಿಸಿತು, ಆಮೇಲೆ ಗಂಟಲಲ್ಲೇ ಉಳಿಯಿತು.

ಹುಕ್ರಪ್ಪ ಜನರ ನಡುವಿನಿಂದ ಮುಂದೆ ಬಂದು ಅಕ್ಕಿಯ ಚೀಲವನ್ನು ಧಣಿಗಳ ಕೈಗೆ ಎಟಕುವಂತೆ ಎತ್ತಿ ಹಿಡಿದ.

"ಹೊಯ್ಯಿರಿ ಧಣಿ," ಎಂದ. "ಹೆಣ ಕಾಯ್ತಾ ಉಂಟು."

ಕಾವೇರಮ್ಮ ಸೇರು ಇಳಿಸಲಿಲ್ಲ.