ಕಟ್ಟಡ ಪೂರ್ತಿ ಖಾಲಿ

"ಆ ಕಡೆ ಸರೀ, ಗೋಡೆ ಕಡೆ. ಸೋಫಾಗೆ ತಾಗಿಸ್ಕೊಂಡು ಹೋಗ್ಬೇಡ. ನಿಮ್ಮಪ್ಪನ ಮನೆ ಹರಕು ಚಾಪೆ ಅಂದ್ಕೊಂಡ್ಯಾ?" ಎಂದಳು ಮನೆಯೊಡತಿ.

ಕುಳ್ಳಿ ಗೋಡೆಗೆ ಒತ್ತಿಕೊಂಡು ನಡೆದಳು. ಕೈಯಲ್ಲಿ ಒಡತಿಯ ಅತ್ತೆಯಾದ ಅಜ್ಜಿಯ ಮಲದ ಪಾತ್ರೆಯಿತ್ತು. ಅವಳಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಈ ಕಟ್ಟಡದಲ್ಲಿ ಅದನ್ನು ಕೇಳಿದವರೇ ಇಲ್ಲ. ಗಿಡ್ಡಗಿದ್ದಾಳೆಂದು ಮೊದಲ ದಿನವೇ ಕುಳ್ಳಿ ಎಂದರು, ಅದೇ ನಿಂತುಬಿಟ್ಟಿತು.

"ನಾನು ಕೆಳಗೆ ಹೋಗಿ ಬರ್ತೀನಿ. ಅತ್ತೆಗೆ ಹಾಲು ಕುಡಿಸು. ಟೀವಿ ಮುಂದೆ ಬಾಯಿ ಬಿಟ್ಕೊಂಡು ಕೂತ್ಕೋಬೇಡ."

ಬಾಗಿಲು ಮುಚ್ಚಿತು. ಹೊರಗೆ ಬೀಗದ ಕೈ ತಿರುಗಿದ ಸದ್ದಾಯಿತು. ಯಾವುದೋ ಮನೆಯಲ್ಲಿ ಬೆಳ್ಳಿ ತಟ್ಟೆ ಕಾಣೆಯಾದಂದಿನಿಂದ ಇಲ್ಲಿ ಕೆಲಸದವರನ್ನು ಹೀಗೆ ಕೂಡಿಹಾಕಿ ಹೋಗುವುದು ರೂಢಿಯಾಗಿತ್ತು. ಆ ತಟ್ಟೆ ಆಮೇಲೆ ಮಂಚದ ಕೆಳಗೇ ಸಿಕ್ಕಿತು. ಬೀಗ ಮಾತ್ರ ಹಾಗೇ ಉಳಿಯಿತು. ಬೆಳಿಗ್ಗೆ ಬರುವಾಗ ಫೋನನ್ನೂ ಗೇಟಿನಲ್ಲೇ ಕೊಟ್ಟು ಬರಬೇಕು.

ಅಜ್ಜಿಗೆ ಅರ್ಧ ಮೈ ಸ್ವಾಧೀನವಿರಲಿಲ್ಲ. ನಾಲಿಗೆ ಮಾತ್ರ ಚುರುಕಾಗಿತ್ತು. ಎರಡು ಗುಟುಕು ಹಾಲು ಇಳಿದಿರಬೇಕು, ಅಷ್ಟರಲ್ಲಿ ಕಿವಿ ಹರಿಯುವಂತೆ ಸೈರನ್ ಕೂಗಿತು. ಧ್ವನಿವರ್ಧಕದಲ್ಲಿ ಗಂಡಸಿನ ದನಿ: "ಬೆಂಕಿ ಬಿದ್ದಿದೆ. ಎಲ್ಲರೂ ಮೆಟ್ಟಿಲಿಂದ ಇಳಿದು ಬನ್ನಿ. ಲಿಫ್ಟ್ ಹತ್ತಬೇಡಿ."

ಕುಳ್ಳಿ ಬಾಗಿಲಿಗೆ ಓಡಿದಳು. ಹಿಡಿ ತಿರುಗಲಿಲ್ಲ. ಎರಡೂ ಕೈಯಲ್ಲಿ ಬಡಿದಳು. ಹೊರಗೆ ಯಾರೋ ದಡದಡ ಓಡಿದರು, ಮಕ್ಕಳು ಕೂಗಿದರು. ಆಮೇಲೆ ಅದೂ ನಿಂತಿತು. ಬಾಗಿಲ ಸಂದಿಯಿಂದ ಹೊಗೆ ನುಸುಳತೊಡಗಿತು. ಕಿಟಕಿಗೆ ಹೋಗಿ ಬಗ್ಗಿ ನೋಡಿದರೆ ಕಟ್ಟಡದ ಹಿಂಬದಿ. ಕಸದ ಡಬ್ಬಗಳ ಹೊರತು ನರಪಿಳ್ಳೆಯಿಲ್ಲ. ಒಂಬತ್ತನೇ ಮಹಡಿ.

"ನೀನಾದ್ರೂ ಹೋಗೇ" ಎಂದಳು ಅಜ್ಜಿ.

"ಎಲ್ಲಿಗೆ ಹೋಗ್ಲಿ ಅಜ್ಜಿ? ಕಿಟಕಿಯಿಂದ ಹಾರ್ಲಾ?"

"ಸೊಸೆ ಬರ್ತಾಳೆ. ಬೀಗದ ಕೈ ಅವಳ ಹತ್ರಾನೇ ಇದೆ."

"ಬೀಗ ಹಾಕಿರೋದೂ ಅವ್ರೇ."

ಅಜ್ಜಿ ಕೆಮ್ಮತೊಡಗಿದಳು.

ಯಜಮಾನ ಬೆಳಿಗ್ಗೆ ಎತ್ತಿ ಇಳಿಸುವ ಕಬ್ಬಿಣದ ಡಂಬೆಲ್ ಮಂಚದ ಪಕ್ಕದಲ್ಲಿತ್ತು. ಕುಳ್ಳಿ ಅದನ್ನೆತ್ತಿ ಬಾಗಿಲ ಹಿಡಿಗೆ ಅಪ್ಪಳಿಸಿದಳು. ಮೂರನೆಯ ಏಟಿಗೆ ಹೆಬ್ಬೆರಳಿನ ಉಗುರು ಕಿತ್ತು ಬಂತು. "ನಿನ್ನ ವಂಶ ಹಾಳಾಗ" ಎಂದು ಬಾಗಿಲಿಗೋ ಒಡತಿಗೋ ಬೈದು ಮತ್ತೆ ಹೊಡೆದಳು. ಬೀಗದ ಜಾಗದಲ್ಲಿ ಮರ ಸೀಳಿ ಬಾಗಿಲು ತೆರೆದುಕೊಂಡಿತು.

ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡು ಹೊದಿಕೆಯಿಂದ ಸೊಂಟಕ್ಕೆ ಬಿಗಿದು ಮೆಟ್ಟಿಲಿಗೆ ಬಂದಳು. ಹೊಗೆಯಲ್ಲಿ ಮುಂದಿನ ಮೆಟ್ಟಿಲೂ ಕಾಣುತ್ತಿರಲಿಲ್ಲ. ಕಂಬಿ ತಡವುತ್ತ ಇಳಿದಳು. ಪ್ರತಿ ಮಹಡಿಯಲ್ಲೂ ಒಳಗಿಂದ ಬಾಗಿಲು ಬಡಿಯುವ ಸದ್ದು. ಆರನೇ ಮಹಡಿಯಲ್ಲಿ ಕಾಲು ತಾನಾಗಿ ನಿಂತಿತು. ಅಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು ಅವಳ ಒಡಹುಟ್ಟಿದ ತಂಗಿ.

"ತಂಗೀ."

"ಅಕ್ಕಾ, ಬಾಗ್ಲು ತೆಗಿಯೇ, ಹೊಗೆ ಬರ್ತೈತೆ."

"ಅಜ್ಜಿ ಬೆನ್ ಮೇಲವ್ಳೆ ಕಣೇ. ಇಳಿಸಿ ಬರ್ತೀನಿ."

"ಬಿಟ್ ಹೋಗ್ಬೇಡ್ವೇ. ನಿನ್ ಕಾಲಿಗ್ ಬೀಳ್ತೀನಿ."

"ಬಟ್ಟೆ ಒದ್ದೆ ಮಾಡಿ ಸಂದಿಗೆ ತುರುಕು. ಬರ್ತೀನಿ ಅಂದ್ನಲ್ಲ, ಬಂದೇ ಬರ್ತೀನಿ."

ಇಳಿದಳು. ಬೆನ್ನ ಮೇಲೆ ಅಜ್ಜಿ, "ನನ್ನ ಇಲ್ಲೇ ಬಿಡು, ಅವಳನ್ನ ಕರ್ಕೊಂಡು ಬಾ" ಎನ್ನುತ್ತಲೇ ಇದ್ದಳು. "ಸುಮ್ನಿರಜ್ಜಿ, ಉಸಿರು ಹಿಡ್ಕೊ" ಎಂದಳು ಕುಳ್ಳಿ.

ಹೊರಗೆ ಬಿದ್ದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಹುಲ್ಲಿನ ಮೇಲೆ ಕುರ್ಚಿಗಳು, ಶಾಮಿಯಾನ. ಜನ ಹಣ್ಣಿನ ರಸ ಕುಡಿಯುತ್ತ ನಿಂತಿದ್ದರು. ಮೆಟ್ಟಿಲ ಬುಡದಲ್ಲಿ ಒಂದು ಡಬ್ಬದಿಂದ ಹೊಗೆ ಏಳುತ್ತಿತ್ತು. ನಿವಾಸಿಗಳ ಸಂಘದ ಅಧ್ಯಕ್ಷ ಮೈಕಿನಲ್ಲಿ ಹೇಳುತ್ತಿದ್ದ: "ಹೋದ ಸಲದ ಅರ್ಧ ಹೊತ್ತಿನಲ್ಲೇ ಇಳಿದಿದ್ದೀವಿ. ಕಟ್ಟಡ ಪೂರ್ತಿ ಖಾಲಿ." ಚಪ್ಪಾಳೆ ಬಿತ್ತು. ಅವಳನ್ನು ಕಂಡೊಡನೆ ಅದು ಅರ್ಧಕ್ಕೇ ನಿಂತಿತು.

ಒಡತಿ ಓಡಿ ಬಂದಳು. "ಬಾಗಿಲು ಮುರಿದ್ಯೇನೇ, ಹಾಳು ಮುಂಡೇ? ಇದು ಸುಮ್ನೆ ಅಭ್ಯಾಸ ಕಣೇ. ಬೆಂಕಿ ಬಿದ್ರೆ ಹೆಂಗೆ ಇಳೀಬೇಕು ಅಂತ ತೋರ್ಸೋದು."

"ನಮಗ್ಯಾಕೆ ಹೇಳ್ಲಿಲ್ಲ?"

"ನಿಮಗ್ಯಾಕೆ ಹೇಳ್ಬೇಕು? ಕೆಲಸ ಬಿಟ್ಟು ನೀವೂ ಬಂದು ನಿಂತ್ಕೊಳಕ್ಕಾ?"

ಕುಳ್ಳಿ ಅಜ್ಜಿಯನ್ನು ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿದಳು. ಅಜ್ಜಿ ಸೊಸೆಯ ಮುಖ ನೋಡಲಿಲ್ಲ.

ಅಭ್ಯಾಸ ನಡೆಸಲು ಬಂದಿದ್ದ ಅಗ್ನಿಶಾಮಕ ದಳದ ಅಧಿಕಾರಿ ಹತ್ತಿರ ಬಂದ. "ಮೇಲೆ ಇನ್ನೂ ಯಾರಾದ್ರೂ ಇದಾರಾ?"

"ಯಾರೂ ಇಲ್ಲ ಸರ್" ಎಂದ ಅಧ್ಯಕ್ಷ. "ಇದ್ರೂ ಕೆಲಸದೋರು, ಅಷ್ಟೇ."

ಅಧಿಕಾರಿ ಸುತ್ತ ಇದ್ದವರನ್ನು ನೋಡಿ, ಕೈಯಲ್ಲಿದ್ದ ಹಾಳೆಯಲ್ಲಿ ಗುರುತು ಹಾಕಿಕೊಂಡ.

ಪಕ್ಕದ ಮೇಜಿನ ಮೇಲೆ ಪ್ರದರ್ಶನಕ್ಕೆಂದು ಹಗ್ಗ, ಮುಖವಾಡ, ಕೆಂಪು ಹಿಡಿಯ ಕೊಡಲಿ ಜೋಡಿಸಿದ್ದರು. ಕುಳ್ಳಿ ಕೊಡಲಿ ತೆಗೆದುಕೊಂಡಳು.

"ಏಯ್, ಇಡೇ ಅದನ್ನ. ಸರ್ಕಾರದ್ದು" ಎಂದು ಅಧ್ಯಕ್ಷ ಗದರಿದ.

ಅವಳು ಮೆಟ್ಟಿಲ ಕಡೆ ತಿರುಗಿದಳು. ಆರನೇ ಮಹಡಿಯ ಮನೆಯವನು ಲೋಟ ಹಿಡಿದುಕೊಂಡೇ ಹಿಂದೆ ಬಂದ. "ಕೀ ನನ್ನ ಹತ್ರ ಇದೆ, ನಿಲ್ಲು. ಅಭ್ಯಾಸ ಮುಗೀಲಿ, ನಾನೇ ತೆಗೀತೀನಿ."

"ಇಟ್ಕಳಿ ನಿಮ್ಮತ್ರಾನೇ."

ಹೊಗೆಯೊಳಗೆ ಹತ್ತಿದಳು. ಎದೆ ಉರಿಯುತ್ತಿತ್ತು. ಆರನೇ ಮಹಡಿಯ ಬಾಗಿಲು ಬಿರಿದಾಗ ತಂಗಿ ಒದ್ದೆ ಬಟ್ಟೆ ಮುಖಕ್ಕೆ ಹಿಡಿದು ಕೆಮ್ಮುತ್ತ ಹೊರಬಂದಳು.

"ಬೆಂಕಿ ಎಲ್ಲೈತಕ್ಕಾ?"

"ಇಲ್ಲ. ಸುಳ್ಳೇ ಹೊಗೆ ಹಾಕವ್ರೆ, ಬೇವರ್ಸಿಗಳು."

"ಹಂಗಾದ್ರೆ ಕೆಳಗೆ ಹೋಗಣ, ಬಾ. ಪೊಲೀಸ್ರನ್ನ ಕರಿತಾರೆ."

ಕೆಳಗಿನಿಂದ ಅಧ್ಯಕ್ಷ ಮೈಕಿನಲ್ಲೇ ಬೈಯತೊಡಗಿದ್ದ. ಮೆಟ್ಟಿಲಲ್ಲಿ ಬೂಟುಗಳ ಸದ್ದು ಹತ್ತಿರವಾಗುತ್ತಿತ್ತು. ಎದುರು ಮನೆಯೊಳಗೆ ಯಾರೋ ಬಾಗಿಲು ಬಡಿಯುತ್ತಿದ್ದರು.

"ಒಳಗಿರೋರು ಹಿಂದೆ ಸರೀರಿ" ಎಂದು ಕೂಗಿ ಕುಳ್ಳಿ ಕೊಡಲಿ ಎತ್ತಿದಳು.