ಮುನ್ನೂರ ಹನ್ನೆರಡು ಮಾತು

ಯಾವ ಯಂತ್ರವೇ ಆಗಲಿ, ನಿಧಾನವಾಯಿತೆಂದರೆ ಅದರ ಹೊಟ್ಟೆಯಲ್ಲಿ ಕಸ ಸೇರಿದೆ ಎಂದೇ ಅರ್ಥ. ಇದು ಮೇಸ್ತ್ರಿಯ ಮೂವತ್ತೊಂದು ವರ್ಷದ ನಂಬಿಕೆ. ಅದು ತೀರಾ ಸುಳ್ಳೂ ಅಲ್ಲ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮುನ್ನೂರು ಹೊಲಿಗೆ ಮಷೀನುಗಳ ಆರೈಕೆ ಅವನದು. ಯಾವುದಾದರೂ ಮಷೀನು ತಿಣುಕತೊಡಗಿದರೆ ಸೂಜಿಯ ಕೆಳಗಿನ ತಗಡು ಬಿಚ್ಚಿ, ಮೆತ್ತಿಕೊಂಡ ನೂಲಿನ ಧೂಳನ್ನು ಬ್ರಷ್ಷಿನಿಂದ ಕೆರೆದು ಬೀಳಿಸಿ, ನಾಲ್ಕು ಹನಿ ಎಣ್ಣೆ ಬಿಡುತ್ತಿದ್ದ. ಅಷ್ಟಕ್ಕೇ ಅದು ಮತ್ತೆ ಓಡುತ್ತಿತ್ತು. ಬಿದ್ದ ಕಸದಲ್ಲಿ ಏನಿದೆ ಎಂದು ಅವನು ಒಂದು ದಿನವೂ ಬಗ್ಗಿ ನೋಡಿದವನಲ್ಲ. ನೋಡುತ್ತ ಕೂತರೆ ಲೈನ್ ನಿಂತುಹೋಗುತ್ತದೆ. ಮೊದಲು ಶುಚಿ, ಆಮೇಲೆ ಎಣ್ಣೆ, ಆಮೇಲೆ ಮುಂದಿನ ಮಷೀನು. ಹೀಗೆ ಬದುಕಿದ ಮನುಷ್ಯನ ಕೈಗೆ ಒಂದು ಹಳೆಯ ಲ್ಯಾಪ್‌ಟಾಪ್ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ಲ್ಯಾಪ್‌ಟಾಪ್ ಅವನ ಹೆಂಡತಿಯದು. ಲ್ಯಾಪ್‌ಟಾಪ್ ಅನ್ನುವುದಕ್ಕಿಂತ ಅವಳ ಬಾಯಿ ಅನ್ನುವುದೇ ಸರಿ.

ಅವಳು ಅದೇ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವಳು. ಅಷ್ಟು ಮಷೀನುಗಳ ಗದ್ದಲದ ನಡುವೆ ಅವಳು ಒಮ್ಮೆ "ರೀ ಮೇಸ್ತ್ರಿ!" ಎಂದರೆ ಕಾಂಪೌಂಡಿನ ಆಚೆ ಚಹಾ ಕುಡಿಯುತ್ತಿದ್ದವನಿಗೂ ಕೇಳಿಸುತ್ತಿತ್ತು. ಆ ಕೂಗಿಗೆ ಓಡಿ ಬಂದು ಬಂದೇ ಮೇಸ್ತ್ರಿ ಅವಳ ಗಂಡನಾದ ಎಂದು ಕಾರ್ಖಾನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಎರಡು ವರ್ಷದ ಹಿಂದೆ ಆ ಗಂಟಲಿನಲ್ಲೇ ಗಡ್ಡೆ ಕಾಣಿಸಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು ಎಂದರು ಡಾಕ್ಟರು. ಜೀವ ಬೇಕಾಗಿತ್ತು; ತೆಗೆದರು.

ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಡಾಕ್ಟರಮ್ಮ ಅವಳನ್ನು ಹನ್ನೊಂದು ದಿನ ಮೈಕಿನ ಮುಂದೆ ಕೂರಿಸಿ ಮಾತು ಹಿಡಿದಿಟ್ಟರು. ಅವರ ಹತ್ತಿರ ಸಿದ್ಧವಾದ ಒಂದು ಪಟ್ಟಿ ಇತ್ತು. ಅದನ್ನು ಒಲ್ಲದ ಮನಸ್ಸಿನಿಂದ ಓದಿ ಮುಗಿಸಿದವಳು, "ಇದನ್ನೆಲ್ಲ ಯಾರು ಆಡ್ತಾರೆ ಡಾಕ್ಟ್ರೇ? ನಮ್ಮನೇಲಿ ಆಡೋ ಮಾತೇ ಬೇರೆ," ಎಂದು ತನ್ನದೇ ಪಟ್ಟಿ ಶುರುಮಾಡಿದಳು. "ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಲಿ?" "ಕಿವಿ ಕೇಳಿಸುತ್ತೋ ಇಲ್ವೋ?" "ಬಂದ್ರಾ? ಈಗ ನೆನಪಾಯ್ತಾ ಮನೆ?" "ಆಯ್ತು ಬಿಡಿ" ಎಂಬ ಒಂದನ್ನೇ ಮೂರು ರಾಗದಲ್ಲಿ ಹೇಳಿದ್ದಳು: ಒಂದು ನಿಜವಾಗಿ ಒಪ್ಪಿದ್ದಕ್ಕೆ, ಒಂದು ಜಗಳ ಮುಗಿಸುವುದಕ್ಕೆ, ಇನ್ನೊಂದು ಜಗಳ ಶುರುಮಾಡುವುದಕ್ಕೆ. ಒಟ್ಟು ಮುನ್ನೂರ ಹನ್ನೆರಡು ಮಾತು. ಅರ್ಧಕ್ಕರ್ಧ ಗಂಡನಿಗೆ ಬೈಗುಳ. ಅಷ್ಟೊಂದು ಬೈಗುಳವನ್ನು ಮುಂಗಡವಾಗಿ ಕೂಡಿಟ್ಟವರನ್ನು ತಾನು ಕಂಡಿಲ್ಲ ಎಂದು ಡಾಕ್ಟರಮ್ಮ ನಕ್ಕರು. ಮೇಸ್ತ್ರಿಯೂ ನಕ್ಕ. ಆಮೇಲೆ ಹೊರಗಿನ ಕಾರಿಡಾರಿನಲ್ಲಿ ನಿಂತು ಅತ್ತ.

ಮಗಳು ತಾನು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ತಂದುಕೊಟ್ಟು, ಡಾಕ್ಟರಮ್ಮ ಕಳಿಸಿದ್ದನ್ನೆಲ್ಲ ಅದರಲ್ಲಿ ಇಳಿಸಿಕೊಟ್ಟಳು. ಪರದೆಯ ಮೇಲೆ ಸಾಲಾಗಿ ಚೌಕಗಳು. ಒಂದೊಂದು ಚೌಕ ಒಂದೊಂದು ಮಾತು. ಒತ್ತಿದರೆ ಅವಳದೇ ದನಿ ಬರುತ್ತಿತ್ತು. ಚೌಕದಲ್ಲಿ ಇಲ್ಲದ್ದನ್ನು ಟೈಪು ಮಾಡಿದರೆ ಯಂತ್ರದ ಯಾವಳೋ ಒಬ್ಬಳು ಓದಿ ಹೇಳುತ್ತಿದ್ದಳು. ಅವಳಿಗೆ ಕೋಪವೂ ಇಲ್ಲ, ನಗುವೂ ಇಲ್ಲ. ಆದಷ್ಟು ಮಟ್ಟಿಗೆ ಗಂಡ ಹೆಂಡತಿ ಆ ಯಾವಳನ್ನೋ ದೂರವೇ ಇಟ್ಟಿದ್ದರು.

ಆದರೆ ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಚೌಕ ಒತ್ತಿದರೆ ಮಾತು ಹೊರಗೆ ಬರಲು ಅರ್ಧ ನಿಮಿಷ, ಕೆಲವು ಸಲ ಒಂದು ನಿಮಿಷ. "ಉಪ್ಪು ಕಮ್ಮಿ" ಎಂಬ ಮಾತು ತಟ್ಟೆ ತೊಳೆದಿಟ್ಟ ಮೇಲೆ ಬರುತ್ತಿತ್ತು. ಅವನು ಸ್ನಾನಕ್ಕೆ ಹೋದ ಮೇಲೆ ಖಾಲಿ ಕೋಣೆಗೆ ಅವಳ ದನಿ "ಕಿವಿ ಕೇಳಿಸುತ್ತೋ ಇಲ್ವೋ?" ಎಂದು ಕೇಳುತ್ತಿತ್ತು. ಮೊದಮೊದಲು ಇಬ್ಬರೂ ನಕ್ಕರು. ಬರಬರುತ್ತ ಅವಳು ಒತ್ತುವುದನ್ನೇ ಕಡಿಮೆ ಮಾಡಿದಳು. ಜಗಳಕ್ಕೆ ವೇಗ ಬೇಕು, ತಮಾಷೆಗೆ ಅದಕ್ಕಿಂತ ಹೆಚ್ಚು ಬೇಕು. ಒಂದು ಸಂಜೆ ಏನೋ ಹೇಳಲು ಬೆರಳೆತ್ತಿದವಳು ಪರದೆಯನ್ನೂ ಗಂಡನನ್ನೂ ನೋಡಿ, ಬೆರಳು ಮಡಚಿಕೊಂಡು, ಬಟ್ಟೆ ಮಡಿಸಲು ಎದ್ದು ಹೋದಳು. ಮೇಸ್ತ್ರಿ ಅದನ್ನು ನೋಡಿದ. ಹೀಗೇ ಬಿಟ್ಟರೆ ಇವಳು ಪೂರ್ತಿ ಮೂಗಿಯಾಗುತ್ತಾಳೆ ಎಂದುಕೊಂಡ.

ಅವಳು ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಎರಡು ದಿನದ ಮಟ್ಟಿಗೆ ಮಗಳ ಮನೆಗೆ ಹೋದಾಗ ಅವನಿಗೆ ಸಮಯ ಸಿಕ್ಕಿತು. ಅವಳು ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಓಡುವಂತಾಗಿರಬೇಕು. ಊಟದ ಬಿಡುವಿನಲ್ಲಿ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದ: ಸಿಸ್ಟಂ ಫೈಲುಗಳ ಕಸ ತೆಗೆಯಿರಿ, ಹಳೆಯ ಲ್ಯಾಪ್‌ಟಾಪ್ ಹೊಸದಾಗುತ್ತದೆ. ನೋಡಿದ ತಕ್ಷಣ ಮೆಚ್ಚಿದ್ದ. ತನ್ನ ಮಾತನ್ನೇ ಯಾರೋ ಓದಿದವರು ಹೇಳಿದ ಹಾಗಿತ್ತು.

ಬೆಳಿಗ್ಗೆಯೇ ಮೇಜು ಒರೆಸಿ ಕುಳಿತ. ಮೊದಲು ಗಡಿಯಾರ ನೋಡಿ ಅಳೆದ. ಲ್ಯಾಪ್‌ಟಾಪ್ ಹಚ್ಚಿ ಚೌಕಗಳು ಕಾಣಿಸುವವರೆಗೆ ನಾಲ್ಕು ನಿಮಿಷ ಹತ್ತು ಸೆಕೆಂಡು. ಆಮೇಲೆ ವಿಡಿಯೋದವನು ಹೇಳಿದ ಗುಂಡಿ ಒತ್ತಿದ. ಉದ್ದ ಪಟ್ಟಿ ಬಂತು: ಹಳೆಯ ಅಪ್‌ಡೇಟುಗಳು, ತಾತ್ಕಾಲಿಕ ಫೈಲುಗಳು, ಡೌನ್‌ಲೋಡ್ಸ್, ಇನ್ನೂ ಏನೇನೋ. ಕೆಲವಕ್ಕೆ ಗುರುತು ಬಿದ್ದಿತ್ತು, ಕೆಲವಕ್ಕೆ ಇರಲಿಲ್ಲ. ಅರ್ಧಂಬರ್ಧ ಶುಚಿ ಮಾಡಿ ಅವನಿಗೆ ಅಭ್ಯಾಸವಿಲ್ಲ. ಎಲ್ಲಕ್ಕೂ ತಾನೇ ಗುರುತು ಹಾಕಿದ. ಶಾಶ್ವತವಾಗಿ ಅಳಿಸಬೇಕೇ ಎಂದು ಯಂತ್ರ ಕೇಳಿತು. ಕಸವನ್ನು ಇನ್ನು ಹೇಗೆ ಅಳಿಸುತ್ತಾರೆ ಎಂದುಕೊಂಡು ಒತ್ತಿದ.

ಮತ್ತೆ ಗಡಿಯಾರ ನೋಡಿದ. ನಾಲ್ಕು ನಿಮಿಷ ಐದು ಸೆಕೆಂಡು. ಅಷ್ಟೇ.

ಬೇರೆಯವರಾದರೆ ಅಲ್ಲಿಗೆ ಬಿಡುತ್ತಿದ್ದರು. ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಶುಚಿ ಮಾಡಿ ಎಣ್ಣೆ ಬಿಡದೆ ಏಳುವವನು ಮೇಸ್ತ್ರಿಯೇ ಅಲ್ಲ. ಇನ್ನೊಂದು ವಿಡಿಯೋ ಹುಡುಕಿದ. ಡಿಸ್ಕಿನಲ್ಲಿ ಚೂರುಚೂರಾಗಿ ಚೆದುರಿದ್ದನ್ನು ಒತ್ತೊತ್ತಾಗಿ ಜೋಡಿಸಿಡುವ ಕೆಲಸ ಒಂದಿದೆಯಂತೆ, ಡಿಫ್ರಾಗ್ ಎನ್ನುತ್ತಾರಂತೆ. ಅದನ್ನೂ ಹಚ್ಚಿದ. ಐದು ಗಂಟೆ ಹೊತ್ತು ಲ್ಯಾಪ್‌ಟಾಪ್ ಒಳಗೊಳಗೇ ಕರಕರ ಎಂದಿತು. ಅವನು ಪಕ್ಕದಲ್ಲೇ ಕುಳಿತು, ರೋಗಿಯನ್ನು ನೋಡಿಕೊಳ್ಳುವವನ ಹಾಗೆ ಆಗಾಗ ಅದರ ಬೆನ್ನು ಮುಟ್ಟಿ ನೋಡುತ್ತಿದ್ದ.

ಮಾರನೆಯ ದಿನ ಹೆಂಡತಿ ಬಂದಳು. ಚೀಲ ಕೆಳಗಿಟ್ಟವಳೇ ಕಣ್ಣು ಮಿಟುಕಿಸಿ ಒಂದು ಚೌಕ ಒತ್ತಿದಳು. ಇಬ್ಬರೂ ಕಾದರು. ಮುಕ್ಕಾಲು ನಿಮಿಷ ಕಳೆದ ಮೇಲೆ ಆ ಯಾವಳೋ ಹೇಳಿದಳು: "ನಾನಿಲ್ಲದೆ ಮನೆ ಬೀದಿಯಾಗಿದೆ."

ಮಾತು ಅವಳದೇ, ದನಿ ಅವಳದಲ್ಲ. ಅವಳು ಹುಬ್ಬು ಗಂಟಿಕ್ಕಿ ಇನ್ನೊಂದು ಒತ್ತಿದಳು, ಮತ್ತೊಂದು ಒತ್ತಿದಳು. ಎಲ್ಲಕ್ಕೂ ಆ ಯಾವಳೋ ಒಬ್ಬಳೇ ಬಂದಳು.

ಪಟ್ಟಿಯಲ್ಲಿದ್ದ ಆ ಒಂದು ಸಾಲು ಮೇಸ್ತ್ರಿಯ ಕಣ್ಣ ಮುಂದೆ ಬಂತು. ಡೌನ್‌ಲೋಡ್ಸ್. ಎರಡು ವರ್ಷದ ಹಿಂದೆ ಮಗಳು ಮಾತುಗಳನ್ನು ಇಳಿಸಿದ್ದು ಅಲ್ಲಿಗೇ. ಆಮೇಲೆ ಯಾರೂ ಅವನ್ನು ಬೇರೆ ಕಡೆಗೆ ಎತ್ತಿಟ್ಟಿರಲಿಲ್ಲ. ಈಗ ಚೌಕದ ಮೇಲೆ ಬರೆದದ್ದಷ್ಟೇ ಉಳಿದಿತ್ತು; ಅದನ್ನೇ ಆ ಯಾವಳೋ ಓದುತ್ತಿದ್ದಳು.

"ಏನೋ ಕೆಟ್ಟಿರ್ಬೇಕು," ಎಂದ. "ಹಳೇದಲ್ವಾ. ತೋರಿಸೋಣ ಬಿಡು."

ನಾಲ್ಕು ದಿನ ಆ ಸುಳ್ಳನ್ನು ಹೊತ್ತು ತಿರುಗಿದ. ಕಾರ್ಖಾನೆಯಿಂದಲೇ ಡಾಕ್ಟರಮ್ಮನಿಗೆ ಫೋನು ಮಾಡಿದ. ಅಲ್ಲಿ ಒಂದು ವರ್ಷ ಮಾತ್ರ ಇಟ್ಟಿರುತ್ತಾರಂತೆ; ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ ಎಂದು ಆಗಲೇ ಹೇಳಿದ್ದರಂತೆ. ಮಗಳ ಮದುವೆಯ ವಿಡಿಯೋ ಹಾಕಿ ನೋಡಿದ. ಅದರಲ್ಲಿ ಹೆಂಡತಿ ಕೈ ಬೀಸಿ ಬೀಸಿ ಎಲ್ಲರಿಗೂ ಏನೋ ಹೇಳುತ್ತಿದ್ದಳು. ವಿಡಿಯೋ ತೆಗೆದವನು ಮೊದಲಿಂದ ಕೊನೆಯವರೆಗೆ ಅದರ ಮೇಲೆ ಸಂಗೀತ ತುಂಬಿದ್ದ.

ಐದನೆಯ ದಿನ ಅವಳೇ ಹಟ ಹಿಡಿದು ಅವನ ಜೊತೆ ರಿಪೇರಿ ಅಂಗಡಿಗೆ ಬಂದಳು. ಅಂಗಡಿ ನಡೆಸುವ ಹೆಂಗಸು ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಸುಮಾರು ಹೊತ್ತು ನೋಡಿದಳು. ಮೇಸ್ತ್ರಿ ಅವಳ ಕೈಯನ್ನೇ ನೋಡುತ್ತ ನಿಂತ. ಅಚ್ಚುಕಟ್ಟಾದ ಕೈ.

"ಯಾರೋ ಸಿಸ್ಟಂ ಫೈಲೆಲ್ಲ ಕ್ಲೀನ್ ಮಾಡಿದಾರೆ," ಎಂದಳು ಅಂಗಡಿಯವಳು. "ಫಾಸ್ಟ್ ಆಗ್ಲಿ ಅಂತಾನಾ?"

"ಮಾಡಿದ್ರೆ ಆಗಲ್ವಾ?" ಎಂದ ಮೇಸ್ತ್ರಿ, ಸಣ್ಣ ದನಿಯಲ್ಲಿ.

"ಜಾಗ ಸಿಗುತ್ತೆ ಅಷ್ಟೇ. ಡಿಸ್ಕು ಗಂಟಲವರೆಗೂ ತುಂಬಿದ್ರೆ ಸ್ವಲ್ಪ ವ್ಯತ್ಯಾಸ ಗೊತ್ತಾಗ್ಬಹುದು. ಇದು ಅರ್ಧ ಖಾಲಿನೇ ಇತ್ತು. ಇದು ನಿಧಾನ ಆಗಿದ್ದು ಕಸದಿಂದ ಅಲ್ಲ, ವಯಸ್ಸಿಂದ. ಒಳಗೆ ತಿರುಗೋ ಡಿಸ್ಕು ಸವೆದಿದೆ. ಅದನ್ನ ತೆಗೆದು ಹೊಸ ಥರದ್ದು ಹಾಕಿದ್ರೆ ಒಂದು ಗಂಟೆ ಕೆಲಸ."

"ಹೋಗಿರೋದು ವಾಪಸ್ ಬರುತ್ತಾ?"

"ಬರೀ ಅಳಿಸಿದ್ರೆ ಮುಕ್ಕಾಲು ಪಾಲು ತೆಗೀಬಹುದಿತ್ತು. ಆಮೇಲೆ ಡಿಫ್ರಾಗ್ ಬೇರೆ ಮಾಡಿದಾರೆ ನೋಡಿ. ಖಾಲಿಯಾದ ಜಾಗದ ಮೇಲೆ ಬೇರೆದ್ದು ಬಂದು ಕೂತಿದೆ." ಅವಳು ತಲೆಯೆತ್ತಿದಳು. "ಯಾರ್ರೀ ಇದನ್ನೆಲ್ಲ ಮಾಡಿದ್ದು?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಮೇಸ್ತ್ರಿಗೆ ಆ ಬುದ್ಧಿಯೂ ಬೇಡವಾಗಿತ್ತು. ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು. ಹೆಂಡತಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು ಎಂದು ಅವನಿಗೆ ತಿಳಿಯಿತು. ಅವಳು ಕೌಂಟರಿನ ಮೇಲಿದ್ದ ರಸೀದಿ ಪುಸ್ತಕ ಎಳೆದುಕೊಂಡು ಅದರ ಹಿಂಬದಿಯಲ್ಲಿ ಬರೆದು ಅಂಗಡಿಯವಳ ಕಡೆ ತಿರುಗಿಸಿದಳು: ನಾನೇ.

ಮೂರು ದಿನ ಬಿಟ್ಟು ಲ್ಯಾಪ್‌ಟಾಪ್ ತರಲು ಹೋದಾಗ ಅಂಗಡಿಯವಳು ತನ್ನಿಂದಾದಷ್ಟು ಹುಡುಕಿದ್ದಳು. ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಒಂದೇ ಒಂದು ಮಾತು ಪೂರ್ತಿ ಸಿಕ್ಕಿತ್ತು. ಅದು ಮನೆಯ ಮಾತಲ್ಲ, ಆಸ್ಪತ್ರೆಯ ಪಟ್ಟಿಯದು. "ನನಗೆ ನೋವಾಗುತ್ತಿದೆ." ಈ ಎರಡು ವರ್ಷದಲ್ಲಿ ಅವಳು ಆ ಚೌಕವನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಗಂಟಲಿನ ಹೊಲಿಗೆ ಬಿಚ್ಚಿದ ದಿನವೂ ಮುಟ್ಟಿರಲಿಲ್ಲ.

ಹೊಸ ಡಿಸ್ಕು ಹಾಕಿದ ಮೇಲೆ ಲ್ಯಾಪ್‌ಟಾಪ್ ಚಿಗರೆಯ ಹಾಗೆ ಓಡಿತು. ಹಚ್ಚಿದ ಇಪ್ಪತ್ತು ಸೆಕೆಂಡಿಗೆ ಚೌಕಗಳು, ಒತ್ತಿದ ಕೂಡಲೇ ಮಾತು. ಆ ಒಂದನ್ನು ಬಿಟ್ಟು ಮಾತೆಲ್ಲ ಆ ಯಾವಳದೋ ದನಿಯಲ್ಲಿ.

ಅವತ್ತೇ ಅವನು ಕೇಳಿದ: "ಅಂಗಡೀಲಿ ಯಾಕೆ ಹಾಗೆ ಬರೆದೆ?"

ಅವಳು ಟೈಪು ಮಾಡಿದಳು. ಯಾವಳೋ ಹೇಳಿದಳು: "ಇಷ್ಟು ವರ್ಷದ ಮೇಸ್ತ್ರಿ ಮರ್ಯಾದೆ ಒಂದು ಲ್ಯಾಪ್‌ಟಾಪಿಗೆ ಹೋಗಬಾರದು ಅಂತ."

ಅದು ತಮಾಷೆಯೋ, ಚುಚ್ಚು ಮಾತೋ, ಹೊಟ್ಟೆಗೆ ಹಾಕಿಕೊಂಡದ್ದೋ ಅವನಿಗೆ ಗೊತ್ತಾಗಲಿಲ್ಲ. ಅವಳ ದನಿಯಾಗಿದ್ದರೆ ಮೊದಲ ಅಕ್ಷರಕ್ಕೇ ಗೊತ್ತಾಗುತ್ತಿತ್ತು. ಮುಖ ನೋಡಿದರೆ ಅವಳು ಪರದೆಯ ಕಡೆ ಬಗ್ಗಿದ್ದಳು. ಅವತ್ತಿನಿಂದ ಮನೆಯಲ್ಲಿ ಉತ್ತರಗಳಿಗೆ ಕಾಯುವುದು ತಪ್ಪಿತು. ಬಂದ ಉತ್ತರ ಏನೆಂದು ಯೋಚಿಸುತ್ತ ಕೂರುವುದು ಶುರುವಾಯಿತು.

ಹೀಗೇ ಏಳೆಂಟು ವಾರ ಕಳೆಯಿತು. ಒಂದು ಸಂಜೆ ಅವನು ಕಾರ್ಖಾನೆಯಿಂದ ಬಂದವನು ಬೂಟು ಬಿಚ್ಚದೆ ಅಡುಗೆಮನೆಯ ಕುರ್ಚಿಯ ಮೇಲೆ ಕುಳಿತ. ಅವಳು ಲ್ಯಾಪ್‌ಟಾಪಿನ ಮುಂದೆ ತರಕಾರಿ ಹೆಚ್ಚುತ್ತಿದ್ದಳು.

"ಒಂದು ವಿಷಯ ಹೇಳ್ಬೇಕು ಕಣೇ," ಎಂದ. "ಇವತ್ತು ಲೈನಲ್ಲಿ ನಿಂತು, ನೀನು ನನ್ನ ಹೇಗೆ ಕೂಗ್ತಿದ್ದೆ ಅಂತ ನೆನಪು ಮಾಡ್ಕೊಂಡೆ. ಮಾತು ಬಂತು. ದನಿ ಬರ್ಲಿಲ್ಲ. ಎಷ್ಟು ಒದ್ದಾಡಿದ್ರೂ ಬರ್ಲಿಲ್ಲ. ಇವಳ ದನೀಲೇ ಕೇಳಿಸ್ತು." ಅವನು ಲ್ಯಾಪ್‌ಟಾಪಿನ ಕಡೆ ಕೈ ಮಾಡಿದ. "ಮದುವೆಗೆ ಮುಂಚಿನದೂ ಅಷ್ಟೇ. ಮಗು ಹುಟ್ಟಿದಾಗ ನೀನು ಅಂದಿದ್ದೂ ಅಷ್ಟೇ. ಎಲ್ಲಾ ಇವಳೇ ಹೇಳ್ತಾಳೆ. ಫೈಲ್ ಅಷ್ಟೇ ಅಲ್ಲ ಕಣೇ, ನಾನು ಒಳಗಿಂದಾನೂ ಅಳಿಸಿಬಿಟ್ಟೆ."

ಅವಳು ಚಾಕು ಕೆಳಗಿಟ್ಟು ಕೈ ಒರೆಸಿಕೊಂಡಳು. ಏನಾದರೂ ಟೈಪು ಮಾಡುತ್ತಾಳೆ ಎಂದುಕೊಂಡ. ಮಾಡಲಿಲ್ಲ. ಚೌಕಗಳನ್ನು ಸರಿಸುತ್ತ ಸರಿಸುತ್ತ ಎಲ್ಲಕ್ಕಿಂತ ಕೆಳಗೆ ಹೋಗಿ ಒಂದನ್ನು ಒತ್ತಿದಳು.

"ನನಗೆ ನೋವಾಗುತ್ತಿದೆ."

ಅವಳೇ. ಪಾಠ ಒಪ್ಪಿಸುವ ಹುಡುಗಿಯಂತೆ ಶುರುವಾಗಿ, ಕೊನೆಗೆ ಬೇಸರದಿಂದ ಅಕ್ಷರ ನುಂಗುವ, ಒರಟು, ದಪ್ಪ, ಅವಳದೇ ದನಿ. ಮೇಸ್ತ್ರಿ ಕುರ್ಚಿಯಿಂದ ಅರ್ಧ ಎದ್ದಿದ್ದ. ಎಲ್ಲಿ ನೋವು ಎಂದು ಕೇಳಲು ಬಾಯಿ ತೆರೆದಿದ್ದ. ಅವಳು ಎಲ್ಲೂ ಬೆರಳು ಮಾಡಿ ತೋರಿಸಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು.

ಅವನು ಮೆಲ್ಲಗೆ ಕುಳಿತುಕೊಂಡ.

"ಇನ್ನೊಂದು ಸಲ ಒತ್ತೇ," ಎಂದ.

ಅವಳು ಒತ್ತಿದಳು. ಕಾಯಬೇಕಾಗಲಿಲ್ಲ.