ಸ್ಕೂಟರಿಗೂ ಅತ್ತವಳು

ಬಳೆ ಗೆಣ್ಣನ್ನು ದಾಟಿ ಏರುತ್ತಿರಲಿಲ್ಲ. ಚೈತ್ರ ತಾಯಿಯ ತಣ್ಣನೆಯ ಬೆರಳುಗಳನ್ನು ಒಟ್ಟುಗೂಡಿಸಿ, ಕೊಬ್ಬರಿ ಎಣ್ಣೆ ಸವರಿ, ಬಳೆಗಾರನು ಮದುವಣಗಿತ್ತಿಯ ಕೈ ಹಿಡಿಯುವ ಮೆದುವಿನಿಂದ ಒತ್ತಿದಳು. ಹಸಿರು ಗಾಜು ಜಾರಿ ಮಣಿಕಟ್ಟಿನಲ್ಲಿ ಕುಳಿತಿತು. ಅರಿಶಿನವಾಯಿತು, ಕುಂಕುಮವಾಯಿತು, ಹೂವಾಯಿತು. ಮುತ್ತೈದೆಯಾಗಿ ಹೋದವಳಿಗೆ ಸಲ್ಲಬೇಕಾದ ಉಪಚಾರಗಳಲ್ಲಿ ಇನ್ನು ಒಂದು ಮಾತ್ರ ಉಳಿದಿತ್ತು. ಅದು ಚೈತ್ರಳ ಕೈಯಲ್ಲಿರಲಿಲ್ಲ.

ಯಲಹಂಕದ ಬಳಿಯ ಕೋಗಿಲಿನ ಆ ಮನೆಯ ನಡುಮನೆಯಲ್ಲಿ ಹೆಂಗಸರು ಗೋಡೆಗೊರಗಿ ಕುಳಿತಿದ್ದರು. ಕಣ್ಣೀರಿಗೆ ಕೊರತೆಯಿರಲಿಲ್ಲ, ಆದರೆ ಯಾರೂ ಹಾಡಿ ಅಳುತ್ತಿರಲಿಲ್ಲ. ಸುತ್ತಲಿನ ಹಳೆಯ ಊರುಗಳಲ್ಲಿ ಸತ್ತವರನ್ನು ಮೌನವಾಗಿ ಬೀಳ್ಕೊಡುವ ಪದ್ಧತಿಯಿಲ್ಲ. ಒಬ್ಬಳು ಹೆಂಗಸು ಸತ್ತವರ ಗುಣವನ್ನೂ ದೋಷವನ್ನೂ ರಾಗದಲ್ಲಿ ಎತ್ತಿ ಹಾಡುತ್ತ ಅಳಬೇಕು. ಇನ್ನೊಬ್ಬಳು ಪಕ್ಕದಲ್ಲಿ ಕುಳಿತು ಎದುರು ಸಾಲು ಕೊಡಬೇಕು. ಒಂದು ತಲೆಮಾರಿನುದ್ದಕ್ಕೂ ಕೋಗಿಲಿನಿಂದ ಕೆಂಪಾಪುರದವರೆಗೆ ಮೊದಲ ಸಾಲು ಗಂಗರತ್ನಮ್ಮನದು, ಎದುರು ಸಾಲು ಅವಳ ತಮ್ಮನ ಹೆಂಡತಿ ಗೋಪಾಲಮ್ಮನದು. ಈಗ ಮೊದಲನೆಯವಳು ಚಾಪೆಯ ಮೇಲೆ ಮಲಗಿದ್ದಳು. ಎರಡನೆಯವಳು ಬಂದಿರಲಿಲ್ಲ.

ಆಸ್ಪತ್ರೆಯ ಮಂಚದ ಮೇಲೆ ಗಂಗರತ್ನಮ್ಮ ಮಗಳಲ್ಲಿ ಒಡವೆಯ ಮಾತಾಡಲಿಲ್ಲ, ಮನೆಯ ಮಾತಾಡಲಿಲ್ಲ. ಒಂದೇ ಒಂದು ಮಾತು ಹೇಳಿದ್ದಳು: "ನನ್ನ ಮೂಗಿ ತರ ಕಳಿಸ್ಬ್ಯಾಡ ಕಣೇ. ಊರಿಗೆಲ್ಲಾ ಅತ್ತಿವ್ನಿ."

ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದ ಅತೀಯಾ ಬಂದವರಿಗೆ ಕಾಫಿ ಕೊಡುತ್ತ ಚೈತ್ರಳ ಬಳಿ ಬಗ್ಗಿ, ಕೆಂಪಾಪುರಕ್ಕೆ ಸುದ್ದಿ ಮುಟ್ಟಿದೆಯೇ ಎಂದು ಕೇಳಿದಳು. ಬೆಳಿಗ್ಗೆಯೇ ಫೋನು ಮಾಡಿದ್ದಾಗಿಯೂ, ಗೋಪಾಲಮ್ಮ ಹೂಂಗುಟ್ಟಿ ಇಟ್ಟುಬಿಟ್ಟಳೆಂದೂ ಚೈತ್ರ ಹೇಳಿದಳು. ಅಷ್ಟರಲ್ಲಿ ದಾಯಾದಿಗಳ ಹಿರಿಯನಾದ ಮುನಿಆಂಜಿನಪ್ಪ ಬಾಗಿಲಲ್ಲಿ ಕಾಣಿಸಿಕೊಂಡು, ರಾಹುಕಾಲಕ್ಕೆ ಮುಂಚೆ ಎತ್ತಬೇಕೆಂದು ನೆನಪಿಸಿದ. ಮೌನವನ್ನು ಗಮನಿಸಿದವನು ತುಸು ತಡೆದು, "ಯಾರಾನಾ ಒಂದು ಪದ ಎತ್ರಮ್ಮಾ, ಇಂಗ್ ಕುಂತ್ರೆ ಎಂಗೆ?" ಎಂದ.

ಒಬ್ಬ ಮುದುಕಿ ಮನಸ್ಸು ಗಟ್ಟಿ ಮಾಡಿ, ಸೆರಗನ್ನು ಕಣ್ಣಿಗೊತ್ತಿ ಎತ್ತಿದಳು: "ಎದ್ದೋದ್ಯಾ ನನ್ನವ್ವಾ…" ಸ್ವರ ಮೇಲೇರುವ ಜಾಗದಲ್ಲಿ, ಒಳಕೋಣೆಯ ಹೊಸಿಲ ಬಳಿ ಕುಳಿತಿದ್ದ ಹುಡುಗಿಯೊಬ್ಬಳು ದುಪಟ್ಟಾದ ಅಂಚನ್ನು ಕಚ್ಚಿಕೊಂಡಳು. ಅವಳ ಪಕ್ಕದವಳ ಭುಜಗಳು ಅಲುಗಿದವು. ಮುದುಕಿ ನಿಲ್ಲಿಸಿ, ಅಷ್ಟಕ್ಕಾಗಿಯೇ ಸೆರಗೆತ್ತಿದ್ದವಳಂತೆ ಮೂಗು ಒರೆಸಿಕೊಂಡಳು.

ಹುಡುಗಿಯರು ದುಷ್ಟರಲ್ಲ. ಇಬ್ಬರ ಕಣ್ಣೂ ಅತ್ತು ಕೆಂಪಾಗಿದ್ದವು. ಆದರೆ ಆ ರಾಗ ಕಿವಿಗೆ ಬಿದ್ದೊಡನೆ ಅವರ ಕಣ್ಣ ಮುಂದೆ ನಿಲ್ಲುತ್ತಿದ್ದುದು ಹೆಣವಲ್ಲ, ಒಂದು ಸ್ಕೂಟರು.

*

ಕೆಲವು ವರ್ಷಗಳ ಹಿಂದೆ ಯಲಹಂಕದ ವಾಸು ಎಂಬ ಯುವಕ ಗಂಗರತ್ನಮ್ಮನನ್ನು ಹುಡುಕಿಕೊಂಡು ಬಂದಿದ್ದ. ಸಿನಿಮಾಗಳಿಗೆ ಶಬ್ದ ಜೋಡಿಸುವುದು ಅವನ ಕಸುಬು. ಒಂದು ಹಾಸ್ಯಚಿತ್ರದ ಟ್ರೈಲರಿಗೆ ಅವಳು ಅತ್ತುಕೊಡಬೇಕಿತ್ತು. ತನ್ನ ಅಜ್ಜಿ ತೀರಿಕೊಂಡಾಗ ಅವಳು ಅತ್ತದ್ದನ್ನು ಅವನು ಮರೆತಿರಲಿಲ್ಲ.

ಗಂಗರತ್ನಮ್ಮ ಒಪ್ಪಲಿಲ್ಲ. ದೀಪ ಉರಿಯುವ ಮನೆಯಲ್ಲಿ ಸಾವಿನ ಪದ ಎತ್ತುವುದು ಸಲ್ಲದು; ಎತ್ತಿದರೆ ಸಾವು ತನ್ನನ್ನು ಕರೆದರೆಂದು ಬಂದೀತು. ಸತ್ತವರು ಯಾರೆಂದು ತಿಳಿಯದೆ ಅಳಲು ಬರುವುದೂ ಇಲ್ಲ. ವಾಸು ಸಂಕೋಚದಿಂದ, ಸತ್ತದ್ದು ಮನುಷ್ಯರಲ್ಲ, ಒಂದು ಸ್ಕೂಟರು ಎಂದ. ಅವಳು ಅವನನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, ಹಾಲಿನ ಪಾತ್ರೆಯನ್ನು ಕೆಳಗಿಟ್ಟು ನಕ್ಕಳು.

ನಕ್ಕಮೇಲೆ ಕರಾರು ಹಾಕಿದಳು. ಮನೆಯಲ್ಲಿ ಆಗದು, ಕೆರೆಯ ಹಿಂದಿನ ಬಯಲಿನಲ್ಲಿ ಆಗಬೇಕು. ಸ್ಕೂಟರು ಎದುರಿಗಿರಬೇಕು. ಗೋಪಾಲಮ್ಮನನ್ನೂ ಕರೆದಳು, ಹೆಣವಿಲ್ಲದ ಕಡೆ ತಾನು ಬರುವವಳಲ್ಲ ಎಂದು ಅವಳು ಹೇಳಿ ಕಳುಹಿಸಿದಳು. ಹೀಗಾಗಿ ಗಂಗರತ್ನಮ್ಮ ಒಬ್ಬಳೇ ಹೋಗಿ, ಸೇವಂತಿಗೆ ಹಾರ ಹಾಕಿ ನಿಲ್ಲಿಸಿದ್ದ ಹೊಸ ಸ್ಕೂಟರಿನ ಮುಂದೆ ಕಾಲು ಮಡಿಸಿ ಕುಳಿತಳು. ಆಮೇಲೆ ವಿಚಾರಣೆ ಮೊದಲಾಯಿತು. ಇದು ಯಾರ ಮನೆಗೆ ಬಂದದ್ದು? ಆ ಮನೆಗೆ ಮೊದಲನೆಯದೇ? ಹಾರ ಕಟ್ಟಿದವರು ಯಾರು? ವಾಸು ತಡವರಿಸಿದಾಗ ಗದರಿದಳು: "ಸುಳ್ಳೇಳಿ ಅಳಕ್ಕಾಗಲ್ಲ ಕಣಪ್ಪ. ನೀನ್ ಸರ್ಯಾಗ್ ಯೋಳು, ನಾನ್ ಸರ್ಯಾಗ್ ಅಳ್ತೀನಿ."

ಅವನು ಯೋಚಿಸಿ ಹೇಳಿದ. ಹುಡುಗನ ಮೊದಲ ಗಾಡಿ. ದೇವಸ್ಥಾನದಲ್ಲಿ ಆಗತಾನೆ ಪೂಜೆಯಾಗಿದೆ. ಅವನು ಪೇಡ ತರಲು ಅಂಗಡಿಗೆ ಹೋದಾಗ, ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಚಕ್ರಕ್ಕೆ ಸಿಕ್ಕಿ ಒಡೆಯುವ ಮೊದಲೇ ಗಾಡಿಯನ್ನು ಟೋಯಿಂಗ್ ಲಾರಿ ಎತ್ತಿಕೊಂಡು ಹೋಗಿದೆ. ಗಂಗರತ್ನಮ್ಮ ಲೊಚಗುಟ್ಟಿದಳು. ಕಣ್ಣು ಮುಚ್ಚಿದಳು. ನಗುತ್ತಿದ್ದ ಸಿನಿಮಾದವರು ಮೊದಲ ಸಾಲಿಗೇ ನಿಶ್ಶಬ್ದರಾದರು.

"ನಿಂಬೆಹಣ್ಣು ತುಳಿಯೋಕ್ ಮುಂಚೆ ನಡ್ದ್ಯಲ್ಲೋ ನನ್ನಪ್ಪಾ,
ಕಟ್ಟಿದ್ ಹೂವು ಬಾಡೋಕ್ ಮುಂಚೆ ಕೈ ಬಿಟ್ಯಲ್ಲೋ ನನ್ನಪ್ಪಾ…"

ಟ್ರೈಲರಿನಲ್ಲಿ ಯುವಕ ಪೇಡದ ಡಬ್ಬಿ ಹಿಡಿದು ಅಂಗಡಿಯಿಂದ ಹೊರಬರುತ್ತಾನೆ. ಸ್ಕೂಟರು ನೆಲಬಿಟ್ಟು ಏಳುತ್ತಿದೆ. ಅಲ್ಲಿಂದ ಚಿತ್ರದ ಗತಿ ವಿಲಂಬಿತವಾಗುತ್ತದೆ. ಹಾರ ತೂಗುತ್ತದೆ, ಎಸಳುಗಳು ಒಂದೊಂದಾಗಿ ರಸ್ತೆಯ ಮೇಲೆ ಉದುರುತ್ತವೆ, ಬಸ್ಸಿಗಾಗಿ ಕಾಯುತ್ತ ಸುಮ್ಮನೆ ನೋಡುತ್ತಿರುವ ಜನ ಅಂತಿಮ ದರ್ಶನಕ್ಕೆ ಬಂದವರಂತೆ ಕಾಣುತ್ತಾರೆ. ಯುವಕ ಒಂದು ಕೈ ಚಾಚಿ ಬರಿಗಾಲಲ್ಲಿ ಓಡುತ್ತಾನೆ, ಪೇಡಗಳು ಗಾಳಿಯಲ್ಲಿ ಹಾರುತ್ತವೆ. ಇದಿಷ್ಟಕ್ಕೂ ಹಿನ್ನೆಲೆಯಲ್ಲಿ ಪಿಟೀಲಿಲ್ಲ, ತಬಲವಿಲ್ಲ. ಗಂಗರತ್ನಮ್ಮನ ಒಂಟಿ ಕಂಠ ಮಾತ್ರ. ಆ ಕಂಠ "ನನ್ನಪ್ಪಾ" ಎಂದು ಶಿಖರಕ್ಕೇರಿದ ಕ್ಷಣದಲ್ಲಿ ಥಟ್ಟನೆ ತುಂಡಾಗುತ್ತದೆ. ಚಿತ್ರ ಸಹಜ ಗತಿಗೆ ಬೀಳುತ್ತದೆ. ಒಂದು ಕ್ಷಣ ಏನೂ ಕೇಳಿಸದು. ಆಮೇಲೆ ಟ್ರಾಫಿಕ್ ಪೊಲೀಸಿನವನು ಏನನ್ನೋ ಅಗಿಯುತ್ತ ಕೇಳುತ್ತಾನೆ: "ಡೀಎಲ್ ಇದ್ಯಾ?"

ಶೋಕಕ್ಕೆ ತಕ್ಕುದಲ್ಲದ ವಸ್ತು ಅದರ ಆಲಂಬನವಾದರೆ ಕರುಣರಸವೇ ಹಾಸ್ಯವಾಗಿ ಪರಿಣಮಿಸುತ್ತದೆಂದು ಪ್ರಾಚೀನ ಲಾಕ್ಷಣಿಕರು ಕಂಡುಕೊಂಡಿದ್ದರು. ಆದರೆ ಅದಕ್ಕೆ ಆ ಶೋಕ ನಿಜವಾಗಿರಬೇಕು. ಹಾಡಿದವಳು ಲೇಶಮಾತ್ರ ತಮಾಷೆಗೆ ಇಳಿದಿದ್ದರೂ ಯಾರೂ ನಗುತ್ತಿರಲಿಲ್ಲ. ಗಂಗರತ್ನಮ್ಮ ಇಳಿಯಲಿಲ್ಲ, ಅವಳು ಆ ಸ್ಕೂಟರಿಗಾಗಿ ಮನಸಾರೆ ಅತ್ತಿದ್ದಳು.

ಅತೀಯಾಳ ಫೋನಿನಲ್ಲಿ ಅದನ್ನು ನೋಡಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕವಳೂ ಗಂಗರತ್ನಮ್ಮನೇ. ಮತ್ತೆ ಮತ್ತೆ ಹಾಕಿಸಿಕೊಂಡಳು; ಪ್ರತಿ ಸಾರಿಯೂ ಚೆಲ್ಲಿದ ಪೇಡಗಳಿಗಾಗಿ ಮರುಗಿದಳು. ಗಂಡ ಚಿಕ್ಕಬೈರಪ್ಪ ಜಗಲಿಯಿಂದಲೇ ನೋಡಿ, "ನಂಗೂ ಇಷ್ಟ್ ಚೆನ್ನಾಗ್ ಅಳ್ತೀಯಾ?" ಎಂದು ಕೇಳಿದ.

"ನೀನ್ ಮುಂದೋಗು, ಆಮ್ಯಾಲ್ ನೋಡಾನ," ಎಂದಿದ್ದಳು.

*

ಮರುವರ್ಷ ಕೆಂಪಾಪುರದಲ್ಲಿ ಅವಳ ತಮ್ಮ ವೆಂಕಟೇಶಪ್ಪ ತೀರಿಕೊಂಡ. ಆ ಹೊತ್ತಿಗೆ ಸ್ಕೂಟರಿನ ಪದ ಮಕ್ಕಳ ಬಾಯಲ್ಲಿಯೂ ಆಟೋಗಳಲ್ಲಿಯೂ ಕೇಳಿಬರುತ್ತಿತ್ತು. ಅದರ ಪರಿವೆಯಿಲ್ಲದೆ ಗಂಗರತ್ನಮ್ಮ ತಮ್ಮನ ತಲೆಯ ಬಳಿ ಕುಳಿತಳು. ಪಕ್ಕದಲ್ಲಿ, ಗಂಡನನ್ನು ಕಳೆದುಕೊಂಡ ಗೋಪಾಲಮ್ಮ. ಪದ ಆರಂಭವಾಯಿತು. ತಾಯಿಯಿಲ್ಲದ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಕೆರೆಗೆ ನೀರಿಗೆ ಹೋಗುತ್ತಿದ್ದ ದಿನಗಳವರೆಗೆ ಬಂದಿತು. ಅಲ್ಲಿ ಸ್ವರ ಮೇಲೇರಿತು. "ನನ್ನಪ್ಪಾ" ಎಂದಳು.

ಗೇಟಿನ ಬಳಿ ನಿಂತಿದ್ದ ಹುಡುಗರಲ್ಲಿ ಒಬ್ಬ ತಡೆಯಲಾರದೆ ನಕ್ಕ. ಇನ್ನೊಬ್ಬ ಮೆಲ್ಲನೆ, ಆದರೆ ಎಲ್ಲರಿಗೂ ಕೇಳಿಸುವಂತೆ, ಡೀಎಲ್ ಕೇಳಿದ. ನಗು ಶಾಮಿಯಾನದ ಕೆಳಗೆ ಹರಿಯಿತು.

ಗಂಗರತ್ನಮ್ಮನ ಕಂಠ ನಿಂತಿತು. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಎದ್ದು ಹಿತ್ತಿಲಿಗೆ ಹೋದಳು. ಎದುರು ಸಾಲಿಗೆಂದು ತೆರೆದಿದ್ದ ಗೋಪಾಲಮ್ಮನ ಬಾಯಿ ತೆರೆದಂತೆಯೇ ಉಳಿಯಿತು. ವೆಂಕಟೇಶಪ್ಪನನ್ನು ಪದ ಮುಗಿಯದೆಯೇ ಎತ್ತಿದರು.

ಅತ್ತಿಗೆ ನಾದಿನಿಯರ ನಡುವೆ ಅಂದಿನಿಂದ ಮಾತು ನಿಂತಿತು. ಹಣೆಯ ಕುಂಕುಮ ಅಳಿಸುವ ಗಳಿಗೆಯನ್ನು ನಗೆಪಾಟಲು ಮಾಡಿದ ಸಿನಿಮಾವನ್ನು ಗೋಪಾಲಮ್ಮ ಕ್ಷಮಿಸಲಿಲ್ಲವೆಂದು ಬಳಗದವರೆಲ್ಲ ತಿಳಿದರು. ಗಂಗರತ್ನಮ್ಮನೂ ಹಾಗೆಯೇ ತಿಳಿದಳು. ಬಳಿಕ ಯಾವ ಸಾವಿನ ಮನೆಯಿಂದ ಕರೆ ಬಂದರೂ, ಗಂಟಲು ಹೋಗಿದೆ ಎಂದುಬಿಡುತ್ತಿದ್ದಳು.

*

ಮುನಿಆಂಜಿನಪ್ಪ ಚಟ್ಟದ ಹಗ್ಗಗಳನ್ನು ಪರೀಕ್ಷಿಸುತ್ತಿದ್ದಾಗ ಗೇಟಿನ ಮುಂದೆ ಆಟೋ ನಿಂತಿತು. ಗೋಪಾಲಮ್ಮ ಒಬ್ಬಳೇ ಇಳಿದಳು. ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಹೆಂಗಸರು ಸರಿದು ಬಿಟ್ಟುಕೊಟ್ಟ ಜಾಗದಲ್ಲಿ ಕುಳಿತಳು. ತಲೆದೆಸೆಯ ದೀಪದ ಬತ್ತಿಯನ್ನು ತುಸು ಮುಂದೆ ಸರಿಸಿದಳು. ಸತ್ತವಳ ಕೈಯೆತ್ತಿ ನೋಡಿ, ಬಳೆ ತೊಡಿಸಿದವರು ಯಾರೆಂದು ಕೇಳಿದಳು. ತಾನೇ ಎಂದಳು ಚೈತ್ರ.

"ಯಾರೂ ಪದ ಎತ್ಲಿಲ್ವಾ?"

"ಎತ್ತಿದ್ರು ಅತ್ತೆ. ಹುಡುಗೀರಿಗೆ ನಗು ಬಂತು, ನಿಲ್ಸಿಬಿಟ್ರು." ಚೈತ್ರ ದನಿ ತಗ್ಗಿಸಿದಳು. "ಅಮ್ಮ ಆ ಸಿನಿಮಾಗೆ ಹಾಡಿದ್ದು ತಪ್ಪೇ ಇರ್ಬೋದು. ಆ ಕೋಪಾನ ಇವತ್ತೊಂದಿನ ಬಿಟ್ಬಿಡಿ ಅತ್ತೆ. ಸುಮ್ನೆ ಕಳಿಸ್ಬೇಡ ಅಂತ ಕೇಳ್ಕೊಂಡಿದ್ಳು."

ಗೋಪಾಲಮ್ಮ ಅವಳ ಕಡೆಗೆ ತಿರುಗಿದಳು. "ಸಿನಿಮಾ ಅಂತ ಯಾರ್ ಯೋಳಿದ್ದು ನಿಂಗೆ? ಅದನ್ನ ನಾನೂ ನೋಡಿವ್ನಿ. ನಿಮ್ ಮಾವ ಸಾಯೋಗಂಟ ದಿನಾ ಆಕಿಸ್ಕಂಡು ನಗ್ತಿದ್ರು, ನಮ್ಮಕ್ಕ ಗಾಡಿಗ್ ಅಳ್ತಾಳೆ ನೋಡು ಅಂತ."

"ಮತ್ತೆ ಯಾಕ್ ಮಾತು ಬಿಟ್ರಿ?"

"ಉಡುಗ್ರು ನಕ್ರು. ನಗ್ಲಿ, ಉಡುಗ್ರು ತಾನೇ. ಇವ್ಳು ಯಾಕ್ ನಿಲ್ಲಿಸ್ಬೇಕಿತ್ತು?" ಗೋಪಾಲಮ್ಮ ಸತ್ತವಳ ಮುಖವನ್ನೇ ನೋಡುತ್ತ ಹೇಳಿದಳು. "ನನ್ ಗಂಡನ್ನ ಕೆರೆ ದಾರೀಲೇ ಬಿಟ್ಟು ಎದ್ದೋದ್ಲು. ಆವಾಗ್ಲಿಂದ ಕಣ್ಮುಚ್ಚಿದ್ರೆ ಅವರು ಅಲ್ಲೇ ನಿಂತಂಗ್ ಕಾಣ್ತಾರೆ."

ಗೋಪಾಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಚೈತ್ರಳ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಎದುರು ಸಾಲು ನೀನು ಕೊಡಬೇಕು ಎಂದಳು. ತನಗೆ ಹಾಡಲು ಬಾರದೆಂದು ಚೈತ್ರ ಬೇಡಿಕೊಂಡಳು.

"ಬರ್ದೇ ಇದ್ರೂ ಚಿಂತಿಲ್ಲ. ನಿಲ್ಲಿಸ್ಬ್ಯಾಡ."

ಗೋಪಾಲಮ್ಮ ಎತ್ತಿದ ಸಾಲು ಗಂಗರತ್ನಮ್ಮನನ್ನು ಕುರಿತದ್ದಾಗಿರಲಿಲ್ಲ. ಕಂಕುಳಲ್ಲಿ ತಮ್ಮ, ತಲೆಯ ಮೇಲೆ ಬಿಂದಿಗೆ, ಕೆರೆಯ ದಾರಿ. ಕೋಣೆಯ ಹಿರಿಯ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು; ಅದು ವೆಂಕಟೇಶಪ್ಪನ ಪದ, ಅಂದು ನಿಂತ ಜಾಗದಿಂದಲೇ ಮುಂದುವರಿದಿತ್ತು. ಗೋಪಾಲಮ್ಮ ಅವನನ್ನು ಕೆರೆಯ ದಾರಿಯಿಂದ ಮನೆಗೆ ಕರೆತಂದಳು, ಅವನ ಮದುವೆ ಮಾಡಿಸಿದಳು, ಹೊಲ ಮಾರಿದ ದಿನ ಅವನು ಅನ್ನ ಬಿಟ್ಟದ್ದನ್ನು ಹೇಳಿದಳು, ಕೊನೆಯ ಕೆಮ್ಮಿನವರೆಗೂ ಜೊತೆಗೆ ನಡೆದಳು. ಬಳಿಕ ಉಸಿರು ಬಿಡದೆ ಪದವನ್ನು ಎದುರಿಗೆ ಮಲಗಿದ್ದವಳ ಕಡೆಗೆ ಹೊರಳಿಸಿದಳು:

"ಓಗೋಳು ನೀನೇ ಯೋಳ್ಬುಡೇ ಅತ್ಗಮ್ಮಾ,
ತಮ್ಮನ್ ಪದ ಮುಗೀತಂತ ಯೋಳ್ಬುಡೇ ಅತ್ಗಮ್ಮಾ…"

ಅಲ್ಲಿಂದ ಅದು ಗಂಗರತ್ನಮ್ಮನ ಪದವಾಯಿತು. ಯಲಹಂಕಕ್ಕೆ ಹೊತ್ತ ಹಾಲು, ಬಾಡಿಗೆ ಮನೆಯವರ ಮಕ್ಕಳಿಗೆ ಎರೆದ ನೀರು, ಸಾರಿಗೆ ಸದಾ ಹೆಚ್ಚಾಗುತ್ತಿದ್ದ ಉಪ್ಪು, ಮುನಿಆಂಜಿನಪ್ಪನಂಥ ದಾಯಾದಿಯನ್ನೂ ಬಿಡದ ನಾಲಗೆ. ಹೆಂಗಸರು ಬಿಕ್ಕುತ್ತಿದ್ದರು. ಅತೀಯಾ ಕಾಫಿಯ ತಟ್ಟೆಯನ್ನು ನೆಲದ ಮೇಲಿಟ್ಟು ಕುಳಿತುಬಿಟ್ಟಳು. ಗೋಪಾಲಮ್ಮ ಕಣ್ಣು ಮುಚ್ಚಿ, ಕಿಂಚಿತ್ತೂ ದನಿ ತಗ್ಗಿಸದೆ ಸ್ವರವನ್ನು ಏರಿಸಿದಳು:

"ಹೆಣಕ್ಕೂ ಅತ್ತ್ಯಲ್ಲೇ, ದನಕ್ಕೂ ಅತ್ತ್ಯಲ್ಲೇ,
ತಾಯಿಲ್ದ ಸ್ಕೂಟರ್ಗೂ ಅತ್ತ್ಯಲ್ಲೇ ನನ್ನವ್ವಾ…"

ಮೊದಲು ನಕ್ಕವನು ಚಿಕ್ಕಬೈರಪ್ಪ. ಬೆಳಗಿನಿಂದ ಜಗಲಿಯ ಕಂಬದಂತೆ ಕುಳಿತಿದ್ದವನು ಟವೆಲನ್ನು ಬಾಯಿಗೊತ್ತಿಕೊಂಡರೂ ಆ ನಗು ಅಡಗಲಿಲ್ಲ. ಕಣ್ಣೀರಿನೊಡನೆ ಹೊರಕ್ಕೆ ಬಂದಿತು. ಹೊಸಿಲ ಬಳಿಯ ಹುಡುಗಿಯರು ದುಪಟ್ಟಾ ಬಿಟ್ಟು ನಕ್ಕರು. ಹಗ್ಗ ಹಿಡಿದು ಬಾಗಿಲಿಗೆ ಬಂದಿದ್ದ ಮುನಿಆಂಜಿನಪ್ಪ ಗೋಡೆಯ ಕಡೆಗೆ ಮುಖ ಮಾಡಿದ, ಅವನ ಬೆನ್ನು ಕುಲುಕುತ್ತಿತ್ತು.

ಎದುರು ಸಾಲಿನ ಸರದಿ. ಚೈತ್ರ ಬಾಯಿ ತೆರೆದಳು. ಹೊರಟ ದನಿ ಸೊಟ್ಟಗಿತ್ತು, ಎಲ್ಲಿಯೋ ಏರಬೇಕಾದಲ್ಲಿ ಜಾರಿ ಇನ್ನೆಲ್ಲಿಗೋ ಬಿದ್ದಿತು. ನಗು ಇಮ್ಮಡಿಸಿತು. ಅವಳ ಮುಖ ತಾನಾಗಿ ಅತ್ತೆಯ ಕಡೆಗೆ ಹೊರಳಿತು.

ಗೋಪಾಲಮ್ಮ ಕಣ್ಣು ತೆರೆಯಲಿಲ್ಲ. ಅವಳ ಅಂಗೈ ಚೈತ್ರಳ ಮಂಡಿಯ ಮೇಲೆ ಬಿದ್ದಿತು, ಲಯ ತಪ್ಪದೆ ಇನ್ನೊಮ್ಮೆ ಬಿದ್ದಿತು. ಚೈತ್ರ ತಂದೆಯ ನಗುವಿನ ನಡುವೆಯೇ ಆ ಸೊಟ್ಟ ಸಾಲನ್ನು ಕೊನೆಯವರೆಗೂ ಎಳೆದಳು. ಅಂಗೈ ಮುಂದಿನ ಸಾಲಿಗಾಗಿ ಮೇಲೆದ್ದಿತು.